ಒಂದು ಕಡ್ಡಿ, ಒಂದು ಐಸಿ, ಭೂಪದ ಐದು ಸ್ವರ

ನವಲಿ, ಕನಕಗಿರಿ ಕಡೆ ಭಜನೆಗೆ ಕೂತರೆ ಹಾರ್ಮೋನಿಯಂ ಬೇಕೇ ಬೇಕು. ಇದೇ ಹಾರ್ಮೋನಿಯಂಗೆ ಆಕಾಶವಾಣಿ 1940ರಲ್ಲಿ ಬಾಗಿಲು ಮುಚ್ಚಿತ್ತು, 1971ರವರೆಗೂ ತೆಗೀಲಿಲ್ಲ. ಅದರ ಮೇಲಿದ್ದ ದೂರು ಎರಡು. ಸ್ವರದಿಂದ ಸ್ವರಕ್ಕೆ ಜಾರೋಕೆ ಬರೋದಿಲ್ಲ. ಮತ್ತೆ ಅದರ ಸ್ವರಗಳು ತಂಬೂರಿಗೆ ಪೂರ್ತಿ ಕೂಡೋದಿಲ್ಲ. ಇವು ಕೇವಲ ಸಂಗೀತಗಾರರ ತಕರಾರಲ್ಲ, ಎಂಜಿನಿಯರಿಂಗ್ ಪ್ರಶ್ನೆಗಳೂ ಹೌದು. ಉತ್ತರ ಹುಡುಕೋಕೆ ಅಂಗೈಯಷ್ಟು ದೊಡ್ಡ ವಾದ್ಯವೊಂದನ್ನು ಬಿಚ್ಚಿ ನೋಡೋಣ.

ಅದರ ಹೆಸರು ಸ್ಟೈಲೋಫೋನ್. 1967ರಲ್ಲಿ ಬ್ರಿಟನ್ನಿನ ಬ್ರಯಾನ್ ಜಾರ್ವಿಸ್ ರೂಪಿಸಿದ್ದು, ಮರುವರ್ಷ ಡುಬ್ರೆಕ್ ಕಂಪನಿ ಮಾರುಕಟ್ಟೆಗೆ ತಂತು. ಕೀಗಳನ್ನು ಬೆರಳಿನಿಂದ ಒತ್ತೋದಿಲ್ಲ. ವೈರಿಗೆ ಕಟ್ಟಿದ ಲೋಹದ ಕಡ್ಡಿಯನ್ನು ಸರ್ಕ್ಯೂಟ್ ಬೋರ್ಡಿನ ಪಟ್ಟಿಗಳಿಗೆ ಮುಟ್ಟಿಸಬೇಕು. ಮಕ್ಕಳ ಆಟಿಕೆ ಅಂತ ಹೆಸರಾಗಿದ್ದ ಇದನ್ನು ಡೇವಿಡ್ ಬೋವಿ 1969ರ ‘ಸ್ಪೇಸ್ ಆಡಿಟಿ’ ಹಾಡಲ್ಲಿ ನುಡಿಸಿದರು. 1981ರಲ್ಲಿ ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡ ‘ಪಾಕೆಟ್ ಕ್ಯಾಲ್ಕ್ಯುಲೇಟರ್’ ಹಾಡಿಗೆ ಬಳಸಿತು. ಜೇನುನೊಣದಂತೆ ಗುಂಯ್ ಅನ್ನುವ ಆ ದನಿ ಬೇರೆ ವಾದ್ಯಗಳ ನಡುವೆಯೂ ಎದ್ದು ಕೇಳಿಸುತ್ತದೆ.

ಒಳಗಿರೋದು ಒಂದೇ ಆಸಿಲೇಟರ್, ಜೊತೆಗೆ ರೆಸಿಸ್ಟರುಗಳ ಸಾಲು. ಕಡ್ಡಿ ಯಾವ ಪಟ್ಟಿಗೆ ಮುಟ್ಟಿತೋ ಅದರ ರೆಸಿಸ್ಟೆನ್ಸ್ ಸ್ವರವನ್ನು ನಿರ್ಧರಿಸುತ್ತದೆ. ನಮ್ಮ ಲ್ಯಾಬಿನ 555 ಟೈಮರ್‌ನಲ್ಲೂ ಇದನ್ನೇ ಮಾಡಬಹುದು. ಅಸ್ಟೇಬಲ್ ಸೂತ್ರ ಎಲ್ಲರಿಗೂ ಗೊತ್ತಿರೋದೇ:

ಆವರ್ತನ = 1.44 ÷ (ಒಟ್ಟು ರೆಸಿಸ್ಟೆನ್ಸ್ × ಕೆಪಾಸಿಟೆನ್ಸ್)

ಒಟ್ಟು ಅಂದ್ರೆ ಮೇಲಿನ ರೆಸಿಸ್ಟರ್, ಜೊತೆಗೆ ಕೆಳಗಿನದರ ಎರಡರಷ್ಟು. ಕೆಪಾಸಿಟರ್ 0.1 ಮೈಕ್ರೋಫ್ಯಾರಡ್, ಮೇಲಿನ ರೆಸಿಸ್ಟರ್ 1 ಕಿಲೋ ಓಮ್ ಇರಲಿ. ಷಡ್ಜವನ್ನು 240 ಹರ್ಟ್ಸ್‌ಗೆ ಇಟ್ಟುಕೊಳ್ಳೋಣ. ಭೂಪ ರಾಗಕ್ಕೆ, ಅಂದ್ರೆ ದಕ್ಷಿಣಾದಿಯ ಮೋಹನಕ್ಕೆ, ಬೇಕಾದ ಸ್ವರಗಳು ಸ ರಿ ಗ ಪ ಧ. ತಂಬೂರಿಗೆ ಕೂಡುವ ಸರಳ ಅನುಪಾತದಲ್ಲಿ ಲೆಕ್ಕ ಹೀಗೆ ಬರುತ್ತದೆ:

ಸ: 240 ಹರ್ಟ್ಸ್, 29.5 ಕಿಲೋ ಓಮ್
ರಿ (9/8): 270 ಹರ್ಟ್ಸ್, 26.17 ಕಿಲೋ ಓಮ್
ಗ (5/4): 300 ಹರ್ಟ್ಸ್, 23.5 ಕಿಲೋ ಓಮ್
ಪ (3/2): 360 ಹರ್ಟ್ಸ್, 19.5 ಕಿಲೋ ಓಮ್
ಧ (5/3): 400 ಹರ್ಟ್ಸ್, 17.5 ಕಿಲೋ ಓಮ್
ಮೇಲಿನ ಸ: 480 ಹರ್ಟ್ಸ್, 14.5 ಕಿಲೋ ಓಮ್

ಇಷ್ಟಕ್ಕೆ ಆರು ಬೇರೆ ರೆಸಿಸ್ಟರ್ ಬೇಡ, ಏಣಿಯ ಹಾಗೆ ಒಂದರ ಹಿಂದೆ ಒಂದು ಜೋಡಿಸಿ. 6ನೇ ಪಿನ್‌ನಿಂದ 14.5 ಇಟ್ಟು ಮೇಲಿನ ಸ ಪಟ್ಟಿ. ಆಮೇಲೆ 3 ಸೇರಿಸಿದರೆ ಧ, 2 ಸೇರಿಸಿದರೆ ಪ, 4ಕ್ಕೆ ಗ, 2.67ಕ್ಕೆ ರಿ, 3.33ಕ್ಕೆ ಕೆಳಗಿನ ಸ. ಕಡ್ಡಿಯ ವೈರ್ 7ನೇ ಪಿನ್‌ಗೆ. ಕಡ್ಡಿ ಎತ್ತಿದರೆ ದಾರಿ ಕಡಿದು ದನಿ ನಿಲ್ಲುತ್ತದೆ. ಎರಡು ಪಟ್ಟಿ ಒಟ್ಟಿಗೆ ಮುಟ್ಟಿದರೆ ಮೇಲಿನ ಸ್ವರ ಮಾತ್ರ ಕೇಳುತ್ತದೆ, ಯಾಕಂದ್ರೆ ನಡುವಿನ ರೆಸಿಸ್ಟರ್ ಶಾರ್ಟ್ ಆಗಿಬಿಡುತ್ತದೆ.

ಈಗ ಎರಡನೇ ದೂರಿಗೆ ಬರೋಣ. ಸಮಾನ ಹಂಚಿಕೆಯ ಹನ್ನೆರಡು ಸ್ವರದ ಕೀಬೋರ್ಡಿನಲ್ಲಿ ಇದೇ ಗಾಂಧಾರ 302.4 ಹರ್ಟ್ಸ್. 300ರ ಜೊತೆ ನುಡಿಸಿದರೆ ದನಿ ಸೆಕೆಂಡಿಗೆ ಎರಡಕ್ಕಿಂತ ಹೆಚ್ಚು ಸಲ ತೂಗಾಡುತ್ತದೆ. ಹಾರ್ಮೋನಿಯಂನಲ್ಲಿ ಇದನ್ನು ಸರಿಮಾಡಬೇಕಂದ್ರೆ ಬಲ್ಲವರು ರೀಡ್ ಕೆರೆಯಬೇಕು. ಇಲ್ಲಿ ಪ್ರತಿ ಮೆಟ್ಟಿಲಿಗೆ ಪ್ರೀಸೆಟ್ ಹಾಕಿಕೊಂಡರೆ ಸ್ಕ್ರೂಡ್ರೈವರ್ ಸಾಕು. ಮೇಲಿನ ಸ್ವರದಿಂದ ಶುರುಮಾಡಿ ಕೆಳಗೆ ಬನ್ನಿ. ಏಣಿಯಲ್ಲಿ ಮೇಲಿನದು ಬದಲಾದರೆ ಕೆಳಗಿನವೆಲ್ಲ ಬದಲಾಗುತ್ತವೆ. ಕೆಪಾಸಿಟರಿನ ಬೆಲೆ ಹತ್ತು ಶೇಕಡಾ ಆಚೀಚೆ ಇದ್ದರೂ ಚಿಂತೆ ಬೇಡ. ಷಡ್ಜ ಏರಬಹುದು, ಇಳಿಯಬಹುದು. ಸ್ವರಗಳ ನಡುವಿನ ಅನುಪಾತ ಕದಲೋದಿಲ್ಲ. ಹಾಡುವವರ ಶ್ರುತಿ ಬೇರೆಯಾದರೂ ರಾಗ ರಾಗವೇ ಅಲ್ವಾ, ಹಾಗೆ.

ಮೊದಲನೇ ದೂರು ಅಷ್ಟು ಸುಲಭಕ್ಕೆ ಬಗೆಹರಿಯೋದಿಲ್ಲ. ಕಡ್ಡಿಯನ್ನು ಪಟ್ಟಿಗಳ ಮೇಲೆ ಎಳೆದರೆ ಸಿಗೋದು ಮೆಟ್ಟಿಲು, ಜಾರು ಅಲ್ಲ. ಸ್ಟೈಲೋಫೋನಿನ ವೈಬ್ರಾಟೋ ಸ್ವಿಚ್ ಎಲ್ಲ ಸ್ವರವನ್ನೂ ಒಂದೇ ಲಯದಲ್ಲಿ ನಡುಗಿಸುತ್ತದೆ, ಅದನ್ನು ಗಮಕ ಅನ್ನೋಕಾಗದು. ಆದರೆ 555ರ 5ನೇ ಪಿನ್ನಿನ ವೋಲ್ಟೇಜ್ ಏರಿಸಿದರೆ ಸ್ವರ ಇಳಿಯುತ್ತದೆ, ಇಳಿಸಿದರೆ ಏರುತ್ತದೆ. ಬಲಗೈಲಿ ಕಡ್ಡಿ, ಎಡಗೈಲಿ ಒಂದು ನಾಬ್ ಇಟ್ಟುಕೊಂಡರೆ ಸ್ವರವನ್ನು ನಾವೇ ಬಗ್ಗಿಸಬಹುದು. ಎಲ್ಲಿ, ಎಷ್ಟು ಬಗ್ಗಿಸಬೇಕು ಅನ್ನೋದನ್ನು ಮಾತ್ರ ಯಾವ ಡೇಟಾಶೀಟೂ ಹೇಳೋದಿಲ್ಲ. ಅದಕ್ಕೆ ಹಾಡು ಕೇಳಿದ ಕಿವಿ ಬೇಕು.

ಹೀಗಾಗಿ ಬ್ರೆಡ್‌ಬೋರ್ಡ್ ಸಿದ್ಧವಾದ ಮೇಲೆ ಆಸಿಲೋಸ್ಕೋಪಿಗೆ ಜೋಡಿಸೋದರ ಜೊತೆ ಇನ್ನೊಂದು ಕೆಲಸ ಮಾಡಿ. ಮೊಬೈಲಲ್ಲಿ ತಂಬೂರಿ ಹಚ್ಚಿ, ಅದರ ಶ್ರುತಿಗೆ ಷಡ್ಜ ಕೂಡಿಸಿ, ಗಾಂಧಾರದ ಪ್ರೀಸೆಟ್ಟನ್ನು ನಿಧಾನಕ್ಕೆ ತಿರುಗಿಸಿ. ತೂಗಾಟ ನಿಂತು ಎರಡೂ ದನಿ ಒಂದಾಗುವ ಜಾಗ ಸಿಗುತ್ತದೆ. ಮಲ್ಟಿಮೀಟರ್ ತಗೊಂಡು ಅಲ್ಲಿನ ಓಮ್ ಅಳೆದು ಬರೆದಿಟ್ಟುಕೊಳ್ಳಿ.