ಸೊಕೊತ್ರಾ ದ್ವೀಪಕ್ಕೆ ಹೊರಡುವ ಮುನ್ನ

ಒಂಟಿ ಕಾಂಡ, ಅದರ ಮೇಲೆ ಛತ್ರಿ ಬಿಚ್ಚಿಟ್ಟಂತೆ ಒತ್ತಾಗಿ ಹರಡಿದ ರೆಂಬೆಗಳು, ತೊಗಟೆ ಗೀರಿದರೆ ರಕ್ತದಂತೆ ಒಸರುವ ಕೆಂಪು ಅಂಟು. ಈ ಮರದ ಚಿತ್ರವನ್ನು ನೀವು ಎಲ್ಲಾದರೂ ನೋಡಿರುತ್ತೀರಿ. ಅದು ಬೆಳೆಯುವುದು ಸೊಕೊತ್ರಾ ದ್ವೀಪದಲ್ಲಿ. ಯೆಮೆನ್ ದೇಶಕ್ಕೆ ಸೇರಿದ ಈ ದ್ವೀಪ ಆ ದೇಶದ ಮುಖ್ಯಭೂಮಿಯಿಂದ 300 ಕಿಲೋಮೀಟರಿಗೂ ಹೆಚ್ಚು ದೂರ ಸಮುದ್ರದಲ್ಲಿದೆ. 2008ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ಪ್ರವಾಸಿಗರ ಕಣ್ಣು ಇತ್ತ ಬಿದ್ದಿತು. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ನಮ್ಮ ಕರಾವಳಿಯ ಮಂದಿಗೂ ಪ್ರವಾಸಿ ಏಜೆಂಟರ ಬಣ್ಣದ ಜಾಹೀರಾತುಗಳು ತಲುಪುತ್ತಿವೆ.

ಯೆಮೆನ್ ಎಂದ ಕೂಡಲೇ ಮನೆಯವರು ಕೇಳುವುದು, ಅಲ್ಲಿ ಗುಂಡಿನ ಭಯ ಇದೆಯೇ ಎಂದು. ಆರೋಗ್ಯದ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆಯೇ ಬೇರೆ. ಅಲ್ಲಿ ರಾತ್ರಿ ಹೊಟ್ಟೆಯ ಬಲಗಡೆ ನೋವು ಶುರುವಾಗಿ ಅಪೆಂಡಿಸೈಟಿಸ್ ಎಂದಾದರೆ, ಎಷ್ಟು ಗಂಟೆಯೊಳಗೆ ಒಳ್ಳೆಯ ಶಸ್ತ್ರಚಿಕಿತ್ಸಾ ಕೊಠಡಿ ತಲುಪಬಲ್ಲಿರಿ?

2014ರಲ್ಲಿ ಆರಂಭವಾದ ಅಂತರ್ಯುದ್ಧದ ದೊಡ್ಡ ಕಾಳಗಗಳು ಮುಖ್ಯಭೂಮಿಯಲ್ಲಿ ನಡೆದವು. ದ್ವೀಪಕ್ಕೆ ತಟ್ಟಿದ್ದು ಬೇರೆ ರೀತಿಯಲ್ಲಿ. 2020ರ ಜೂನ್‌ನಲ್ಲಿ ಅದರ ಮುಖ್ಯ ಪಟ್ಟಣ ಹದಿಬೋ ದಕ್ಷಿಣದ ಪ್ರತ್ಯೇಕತಾವಾದಿಗಳ ವಶವಾಯಿತು. 2026ರ ಜನವರಿಯ ಮೊದಲ ದಿನಗಳಲ್ಲಿ ಮುಖ್ಯಭೂಮಿಯ ರಾಜಕೀಯ ಬಿಕ್ಕಟ್ಟಿನಿಂದ ವಿಮಾನಗಳು ನಿಂತು, ನೂರಾರು ವಿದೇಶಿ ಪ್ರವಾಸಿಗರು ದ್ವೀಪದಲ್ಲೇ ಉಳಿಯಬೇಕಾಯಿತು. ಯಾರೂ ಅವರ ಮೇಲೆ ಗುಂಡು ಹಾರಿಸಲಿಲ್ಲ. ಆದರೆ ವಾರಕ್ಕೆಂದು ಎಣಿಸಿ ತಂದ ರಕ್ತದೊತ್ತಡದ ಮಾತ್ರೆ ಇಂಥ ಹೊತ್ತಿನಲ್ಲಿ ಮುಗಿದರೆ ಏನು ಮಾಡುವುದು? ಅಪಾಯವಿರುವುದು ಇಲ್ಲಿ.

ಪಾಸ್‌ಪೋರ್ಟಿನ ಮಾತು

ಔಷಧಿಗಿಂತ ಮೊದಲು ಇದನ್ನು ಹೇಳಬೇಕು. ಭಾರತದ ಪಾಸ್‌ಪೋರ್ಟ್ ಹೊಂದಿದವರು ಅನುಮತಿಯಿಲ್ಲದೆ ಯೆಮೆನ್‌ಗೆ ಹೋಗುವುದನ್ನು ನಮ್ಮ ಸರ್ಕಾರ 2017ರ ಸೆಪ್ಟೆಂಬರ್‌ನಲ್ಲಿ ಅಧಿಸೂಚನೆ ಹೊರಡಿಸಿ ನಿಷೇಧಿಸಿತು. ಮೀರಿದವರ ಪಾಸ್‌ಪೋರ್ಟನ್ನೇ ಮುಟ್ಟುಗೋಲು ಹಾಕಿಕೊಳ್ಳಲು ಅವಕಾಶವಿದೆ. "ಸೊಕೊತ್ರಾ ಬೇರೆ, ಯೆಮೆನ್ ಬೇರೆ" ಎಂದು ಏಜೆಂಟರು ಹೇಳಿದರೆ ನಂಬಬೇಡಿ. ದ್ವೀಪ ಯೆಮೆನ್‌ನದೇ. ಟಿಕೆಟ್‌ಗೆ ಹಣ ಕಟ್ಟುವ ಮೊದಲು ಭಾರತೀಯ ರಾಯಭಾರ ಕಚೇರಿಯಿಂದ ಬರಹದಲ್ಲಿ ಉತ್ತರ ಪಡೆಯಿರಿ. ಅನುಮತಿ ಸಿಗದಿದ್ದರೆ ಆಸೆಯನ್ನು ಅಲ್ಲಿಗೇ ಬಿಡಿ. 2015ರ ಏಪ್ರಿಲ್‌ನಲ್ಲಿ 'ಆಪರೇಷನ್ ರಾಹತ್' ನಡೆಸಿ 4,600ಕ್ಕೂ ಹೆಚ್ಚು ಭಾರತೀಯರನ್ನು ಯೆಮೆನ್‌ನಿಂದ ಹಡಗು, ವಿಮಾನಗಳಲ್ಲಿ ಕರೆತರಬೇಕಾಯಿತು. ಅದರ ಬೆನ್ನಲ್ಲೇ ಸನಾದಲ್ಲಿದ್ದ ನಮ್ಮ ರಾಯಭಾರ ಕಚೇರಿಯನ್ನು ಜಿಬೂಟಿಗೆ ಸ್ಥಳಾಂತರಿಸಲಾಯಿತು.

ಅನುಮತಿ ದೊರೆತವರಿಗೆ, ಬೇರೆ ದೇಶದ ಪಾಸ್‌ಪೋರ್ಟ್ ಇರುವ ನಿಮ್ಮ ನೆಂಟರಿಷ್ಟರಿಗೆ ಮುಂದಿನ ಮಾತು. ವಿಮೆಯ ಪಾಲಿಸಿಯಲ್ಲಿ ಸಣ್ಣ ಅಕ್ಷರಗಳನ್ನು ಓದಿ. ಯುದ್ಧ ನಡೆಯುವ ದೇಶ, ಸರ್ಕಾರ 'ಹೋಗಬೇಡಿ' ಎಂದಿರುವ ದೇಶ ಇವುಗಳನ್ನು ಅನೇಕ ಪಾಲಿಸಿಗಳು ಹೊರಗಿಡುತ್ತವೆ. ರೋಗಿಯನ್ನು ವಿಮಾನದಲ್ಲಿ ಸಾಗಿಸುವ ವೆಚ್ಚ ಸಾಮಾನ್ಯ ಕುಟುಂಬ ತಾಳುವಂಥದ್ದಲ್ಲ.

ಯಾರು ಹೋಗಬಾರದು?

ಹದಿಬೋದಲ್ಲಿ ಆಸ್ಪತ್ರೆ ಉಂಟು. ಆದರೆ ಹೃದಯಾಘಾತಕ್ಕೆ ಆಂಜಿಯೊಪ್ಲಾಸ್ಟಿ, ತಲೆಗೆ ಪೆಟ್ಟಾದರೆ ನರಶಸ್ತ್ರಚಿಕಿತ್ಸೆ, ಬೇಕಾದಷ್ಟು ರಕ್ತ, ಇವನ್ನೆಲ್ಲ ಅಲ್ಲಿ ನಿರೀಕ್ಷಿಸಿ ಹೊರಡಬಾರದು. ಗರ್ಭಿಣಿಯರು, ಎಳೆಯ ಕೂಸುಗಳು, ಇತ್ತೀಚೆಗೆ ಸ್ಟೆಂಟ್ ಹಾಕಿಸಿಕೊಂಡವರು, ಡಯಾಲಿಸಿಸ್‌ನಲ್ಲಿರುವವರು, ಹತೋಟಿಗೆ ಬಾರದ ಆಸ್ತಮಾ ಅಥವಾ ಅಪಸ್ಮಾರ ಇರುವವರು ಈ ಪ್ರವಾಸ ಕೈಬಿಡುವುದೇ ಲೇಸು. ಉಳಿದವರು ತಿಂಗಳ ಮೊದಲೇ ವೈದ್ಯರನ್ನು ಕಾಣಬೇಕು. ದಂತವೈದ್ಯರನ್ನೂ! ಹುಳುಕು ಹಲ್ಲು ಇಂಥ ಕಡೆಯಲ್ಲೇ ಕೈಕೊಡುವುದು.

ಟೆಟನಸ್, ಹೆಪಟೈಟಿಸ್ ಎ, ಟೈಫಾಯ್ಡ್ ಲಸಿಕೆಗಳ ಬಗ್ಗೆ ಕೇಳಿ. ಯೆಮೆನ್‌ನಲ್ಲಿ ದಡಾರವೂ ಪೋಲಿಯೊ ವೈರಸ್ಸೂ ಕಾಣಿಸಿಕೊಂಡಿರುವುದರಿಂದ ಆ ಲಸಿಕೆಗಳ ಲೆಕ್ಕವನ್ನೂ ನೋಡಿಸಿಕೊಳ್ಳಿ.

ಔಷಧಿಯ ಚೀಲ

ನಿತ್ಯದ ಔಷಧಿಯನ್ನು ಪ್ರವಾಸದ ದಿನಗಳ ಕನಿಷ್ಠ ಎರಡರಷ್ಟು ಒಯ್ಯಿರಿ. ಒಂದು ವಾರದ ಪ್ರವಾಸಕ್ಕೆ ಮೂರು ವಾರದ ಮಾತ್ರೆ ಇದ್ದರೂ ಹೆಚ್ಚಲ್ಲ. ಅದು ಕೈಚೀಲದಲ್ಲಿರಲಿ, ಸೂಟ್‌ಕೇಸಿನಲ್ಲಿ ಬೇಡ. ಮಾತ್ರೆಗಳನ್ನು ಕವಚದಿಂದ ಬಿಡಿಸಿ ಡಬ್ಬಿಗೆ ತುಂಬಬೇಡಿ. ವೈದ್ಯರ ಚೀಟಿ ಜೊತೆಗಿರಲಿ. ಅಬುಧಾಬಿ ಮೂಲಕ ಹೋಗುವವರು ಇನ್ನೊಂದು ಎಚ್ಚರ ವಹಿಸಬೇಕು. ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್, ಆಲ್‌ಪ್ರಜೋಲಾಮ್‌ನಂತಹ ನಿದ್ದೆಯ ಮಾತ್ರೆ ಇವು ಅಲ್ಲಿ ನಿರ್ಬಂಧಿತ. ನಮ್ಮ ಊರಿನ ಔಷಧಿ ಅಂಗಡಿಯಲ್ಲಿ ಸಿಕ್ಕಿದ್ದು ಅಲ್ಲಿ ಅಪರಾಧವಾಗಬಹುದು.

ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಫ್ರಿಜ್‌ನ ಚಿಂತೆ. ಸೊಕೊತ್ರಾದಲ್ಲಿ ಹೆಚ್ಚಿನವರು ತಂಗುವುದು ಡೇರೆಗಳಲ್ಲಿ. ಬಳಸಲು ತೆರೆದ ಬಾಟಲಿ ಬಿಸಿಲಿಗೆ ಸಿಗದೆ ತಂಪಾಗಿದ್ದರೆ ಸಾಮಾನ್ಯವಾಗಿ ನಾಲ್ಕು ವಾರ ಬಾಳುತ್ತದೆ. ಉಳಿದ ಬಾಟಲಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಣ್ಣಿನ ಮಡಕೆಯೊಳಗಿಟ್ಟು, ಹೊರಗೆ ಒದ್ದೆ ಬಟ್ಟೆ ಸುತ್ತಿ ನೆರಳಲ್ಲಿ ಇಡಬಹುದು. ನಮ್ಮ ಅಜ್ಜಿಯಂದಿರು ಬೆಣ್ಣೆ ಕಾಪಾಡುತ್ತಿದ್ದುದೂ ಹೀಗೆಯೇ. ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಖಂಡಿತ ಬೇಡ. ಮಂಜುಗಡ್ಡೆಗೆ ತಾಗಿ ಹೆಪ್ಪುಗಟ್ಟಿದ ಇನ್ಸುಲಿನ್ ಕೂಡ ಕೆಲಸಕ್ಕೆ ಬಾರದು.

ನೀರು ಮತ್ತು ಬೇಧಿ

ಯೆಮೆನ್‌ನಲ್ಲಿ 2016ರ ಅಕ್ಟೋಬರ್‌ನಲ್ಲಿ ಶುರುವಾದ ಕಾಲರಾ, ಮುಂದೆ ಶಂಕಿತ ರೋಗಿಗಳ ಸಂಖ್ಯೆ ಹತ್ತು ಲಕ್ಷ ಮೀರುವಷ್ಟು ಹಬ್ಬಿತು. ಯುದ್ಧದಲ್ಲಿ ನೀರಿನ ಪಂಪು, ಚರಂಡಿ, ಆಸ್ಪತ್ರೆ ಎಲ್ಲವೂ ಒಟ್ಟಿಗೆ ಕೆಟ್ಟಾಗ ಆಗುವುದೇ ಇದು. ದ್ವೀಪಕ್ಕೆ ಹೋದವರು ಸೀಲು ಒಡೆಯದ ಬಾಟಲಿ ನೀರನ್ನೋ, ಮರಳುವಂತೆ ಒಂದು ನಿಮಿಷವಾದರೂ ಕುದಿಸಿದ ನೀರನ್ನೋ ಕುಡಿಯಬೇಕು. ಬೆಟ್ಟದ ತೊರೆ ಕನ್ನಡಿಯಂತೆ ಕಂಡರೂ ಮೇಲ್ಗಡೆ ಮೇಕೆಗಳು ಮೇಯುತ್ತಿರುತ್ತವೆ. ಕ್ಲೋರಿನ್ ಮಾತ್ರೆ ಜೊತೆಗಿರಲಿ. ಹಲ್ಲುಜ್ಜುವುದಕ್ಕೂ ಇದೇ ನೀರು. ಊಟ ಬಿಸಿಬಿಸಿಯಾಗಿ ಎದುರಿಗೇ ಬೆಂದದ್ದಾಗಿರಲಿ, ಕೈತೊಳೆಯಲು ಸೋಪು ಇರಲಿ. ಡೇರೆಯ ಸುತ್ತ ಬಿಳಿಯ ರಣಹದ್ದುಗಳು ಕೋಳಿಗಳಂತೆ ಓಡಾಡುವುದು ಅಲ್ಲಿ ಸಾಮಾನ್ಯ ನೋಟ. ಊಟ ತೆರೆದಿಟ್ಟು ಫೋಟೊ ತೆಗೆಯಲು ಎದ್ದರೆ ಅವು ಬಿಡುವುದಿಲ್ಲ.

ಬೇಧಿ ಶುರುವಾದರೆ ಓ.ಆರ್.ಎಸ್. ಮೊದಲ ಔಷಧಿ. ಪೊಟ್ಟಣ ಮುಗಿದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ. ಚಮಚ ಎಂದರೆ ಚಹಾ ಚಮಚ. ಉಪ್ಪು ಹೆಚ್ಚಾಗಬಾರದು. ಪ್ರತಿ ಸಲ ಬೇಧಿಯಾದಾಗ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿಲೀಟರ್, ದೊಡ್ಡ ಮಕ್ಕಳಿಗೆ 100ರಿಂದ 200, ದೊಡ್ಡವರಿಗೆ ಬೇಕೆನಿಸಿದಷ್ಟು ಕೊಡಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಗುಟುಕು ಗುಟುಕಾಗಿ ಮುಂದುವರಿಸಿ. ಬೇಧಿ ಕಟ್ಟುವ ಲೋಪೆರಮೈಡ್ ಮಾತ್ರೆಯನ್ನು ಮಕ್ಕಳಿಗೆ ಕೊಡಬಾರದು. ಜ್ವರವಿದ್ದರೆ, ಮಲದಲ್ಲಿ ರಕ್ತ ಕಂಡರೆ ದೊಡ್ಡವರಿಗೂ ಬೇಡ. ಅಕ್ಕಿ ತೊಳೆದ ನೀರಿನಂತೆ ಧಾರಾಕಾರ ಬೇಧಿ, ಗುಳಿಬಿದ್ದ ಕಣ್ಣು, ಮೂತ್ರ ನಿಂತುಹೋಗುವುದು ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡಿ.

ಸಮುದ್ರ, ಬಂಡೆ, ಗಾಳಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮಗೆ ಮಳೆ ತರುವ ಅದೇ ನೈಋತ್ಯ ಮಾರುತ ಅಲ್ಲಿ ಬಿರುಗಾಳಿಯಾಗಿ ಬೀಸುತ್ತದೆ. ಇದು ಹಳೆಯ ಕಾಲದ ನಾವಿಕರಿಗೂ ಗೊತ್ತಿತ್ತು. ದ್ವೀಪದ ಹೋಖ್ ಗುಹೆಯಲ್ಲಿ ಭಾರತದ ನಾವಿಕರು ಬ್ರಾಹ್ಮಿ ಲಿಪಿಯಲ್ಲಿ ಬರೆದಿಟ್ಟ ಹೆಸರುಗಳು ಸಿಕ್ಕಿವೆ. ಪ್ರವಾಸಕ್ಕೆ ಅಕ್ಟೋಬರ್ ನಂತರದ ತಿಂಗಳುಗಳೇ ವಾಸಿ. ಆದರೆ 2015ರ ನವೆಂಬರ್‌ನಲ್ಲಿ ಒಂದೇ ವಾರದ ಅಂತರದಲ್ಲಿ ಚಪಲಾ, ಮೇಘ್ ಎಂಬ ಎರಡು ಚಂಡಮಾರುತಗಳು ಎರಗಿದ್ದನ್ನೂ ಮರೆಯುವಂತಿಲ್ಲ.

ಕಾವಲುಗಾರರಿಲ್ಲದ ಕಡಲತೀರದಲ್ಲಿ ಸೊಂಟಕ್ಕಿಂತ ಆಳಕ್ಕೆ ಇಳಿಯಬೇಡಿ. ಸೆಳೆತಕ್ಕೆ ಸಿಕ್ಕರೆ ದಡದ ಕಡೆ ಹೋರಾಡದೆ, ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬನ್ನಿ. ಸುಣ್ಣಕಲ್ಲಿನ ಬಂಡೆಗಳು ಚೂಪು, ಚಪ್ಪಲಿಯಲ್ಲಿ ಏರಬೇಡಿ. ಚೇಳುಗಳಿವೆ, ಬೆಳಿಗ್ಗೆ ಬೂಟು ಕೊಡವಿ ಹಾಕಿಕೊಳ್ಳಿ. ಯಾರಾದರೂ ಪ್ರೀತಿಯಿಂದ ಖಾತ್ ಎಲೆ ಅಗಿಯಲು ಕೊಟ್ಟರೆ ನಯವಾಗಿ ನಿರಾಕರಿಸಿ. ಅದು ರಕ್ತದೊತ್ತಡ, ನಾಡಿಬಡಿತ ಏರಿಸುತ್ತದೆ, ಕೊಲ್ಲಿ ರಾಷ್ಟ್ರಗಳಲ್ಲಿ ನಿಷಿದ್ಧವೂ ಹೌದು.

ಸಿಗ್ನಲ್ ಎಲ್ಲೆಡೆ ಸಿಗದು. ಉಪಗ್ರಹ ಫೋನು ಮಾರ್ಗದರ್ಶಿಯ ಬಳಿ ಇದೆಯೇ ಎಂದು ವಿಚಾರಿಸಿ; ನೀವೇ ಕೊಂಡು ಭಾರತಕ್ಕೆ ತರಬೇಡಿ, ಪರವಾನಗಿಯಿಲ್ಲದೆ ಅದು ಇಲ್ಲಿ ಅಪರಾಧ. ಪ್ರತಿದಿನ ಎಲ್ಲಿ ತಂಗುತ್ತೀರಿ ಎಂಬ ಪಟ್ಟಿ, ರಕ್ತದ ಗುಂಪು, ಔಷಧಿಗಳ ಹೆಸರು ಊರಿನಲ್ಲಿ ಒಬ್ಬರ ಬಳಿ ಇರಲಿ.

ದ್ವೀಪದಲ್ಲಿ ಮಲೇರಿಯಾ ಬಹಳ ಇಳಿದಿದೆ. ಯೆಮೆನ್‌ನ ಮುಖ್ಯಭೂಮಿಯಲ್ಲಿ ಅದು ಇನ್ನೂ ಇದೆ, ಡೆಂಗಿಯೂ ಇದೆ. ಸೊಳ್ಳೆಪರದೆ, ಮುಲಾಮು ಬಳಸಿ. ಮರಳಿದ ಮೇಲೆ ಮೂರು ತಿಂಗಳೊಳಗೆ ಜ್ವರ ಬಂದರೆ, ಮನೆಯಲ್ಲೇ ಮಾತ್ರೆ ನುಂಗಿ ಮಲಗದೆ ಅಂದೇ ರಕ್ತ ಪರೀಕ್ಷೆ ಮಾಡಿಸಿ. ಯೆಮೆನ್‌ಗೆ ಹೋಗಿ ಬಂದಿದ್ದೇನೆಂದು ವೈದ್ಯರಿಗೆ ನೀವಾಗಿಯೇ ಹೇಳಿ. ಅವರು ಕೇಳದೆ ಇರಬಹುದು.