ಹೊಳೆ ಸುಮ್ಮನಾದಾಗ ಕೇಳುವ ಫ್ಯಾನು

ಚುಂಚನಕಟ್ಟೆಯಲ್ಲಿ ಜುಲೈ ತಿಂಗಳಲ್ಲಿ ಎಂಥ ಕಂಪ್ಯೂಟರ್ ಇಟ್ಟುಕೊಂಡರೂ ಅದರ ಸದ್ದು ಕೇಳಿಸದು. ಕೊಡಗಿನಲ್ಲಿ ಮಳೆ ಹಿಡಿದು ಕಾವೇರಿ ಕೆಂಪಾಗಿ ಬಂದು ಇಲ್ಲಿನ ಧನುಷ್ಕೋಟಿ ಜಲಪಾತದಲ್ಲಿ ಸುಮಾರು 60 ಅಡಿ ಧುಮುಕುವಾಗ, ಹತ್ತಿರದ ಮನೆಗಳಲ್ಲಿ ಮಾತಾಡಬೇಕಾದರೂ ದನಿ ಏರಿಸಬೇಕು. ಸಂಕ್ರಾಂತಿಯ ಜಾತ್ರೆ ಮುಗಿದು, ಕೊಂಡ ಎತ್ತುಗಳನ್ನು ಹೊಡೆದುಕೊಂಡು ಜನ ಹೋದ ಮೇಲೆ ಹೊಳೆ ಬಂಡೆಗಳ ನಡುವೆ ಸೊರಗುತ್ತಾ ಬರುತ್ತದೆ. ಏಪ್ರಿಲ್ ಹೊತ್ತಿಗೆ ಊರು ನಿಶ್ಶಬ್ದ. ಕೋಣೆಯ ಬಿಸಿ 35 ಡಿಗ್ರಿ ದಾಟಿ ಕಂಪ್ಯೂಟರಿನ ಫ್ಯಾನುಗಳು ಅರಚಲು ಶುರುಮಾಡುವುದೂ ಆಗಲೇ. ಇಲ್ಲಿ ಸದ್ದಿಲ್ಲದ ಕಂಪ್ಯೂಟರ್ ಕಟ್ಟಬೇಕೆಂದರೆ ಅದನ್ನು ಏಪ್ರಿಲ್ ತಿಂಗಳಿಗೆಂದೇ ಕಟ್ಟಬೇಕು. ಮಿಕ್ಕ ಲೆಕ್ಕವೆಲ್ಲ ಅದರ ಹಿಂದೆ ಬರುತ್ತದೆ.

ನನಗೆ ಈ ಮೌನ ಬೇಕಾದದ್ದು ಸೋಬಾನೆ ಪದಗಳಿಗಾಗಿ. ಸುತ್ತಲಿನ ಊರುಗಳ ಹಿರಿಯ ಹೆಂಗಸರನ್ನು ಮನೆಗೆ ಕರೆಸಿ, ಅವರ ಬಾಯಲ್ಲಿ ಉಳಿದಿರುವ ಸೋಬಾನೆ, ಬೀಸುವ ಪದಗಳನ್ನು ರೆಕಾರ್ಡ್ ಮಾಡಿಡುತ್ತೇನೆ. ಹಳೆಯ ಯಂತ್ರವಿದ್ದಾಗ ಒಬ್ಬ ಅಜ್ಜಿ ಹಾಡು ನಿಲ್ಲಿಸಿ, ‘ಅದೇನ್ ಮಗ ಗುಂಯ್ ಅಂತದಲ್ಲ, ಜೇನು ಕಟ್ಟದಾ ಒಳ್ಗೆ?’ ಎಂದು ಕೇಳಿದರು. ಆಮೇಲೆ ರೆಕಾರ್ಡಿಂಗ್ ಕೇಳಿದಾಗ ಇನ್ನೊಂದು ತಿಳಿಯಿತು. ಪದದ ಕೊನೆಗೆ ಬರುವಷ್ಟರಲ್ಲಿ ಅವರ ಶ್ರುತಿ ಆ ಗುಂಯ್‌ಗೆ ಹೋಗಿ ಕೂತಿತ್ತು. ಹಾಡುವವರ ಕಿವಿ ಹತ್ತಿರದ ನಾದಕ್ಕೆ ತಾನಾಗಿಯೇ ಒಲಿಯುತ್ತದೆ. ಹಾಗಾದ ಹಾಡನ್ನು ಆಮೇಲೆ ಯಾವ ಸಾಫ್ಟ್‌ವೇರೂ ಸರಿಮಾಡಿ ಕೊಡುವುದಿಲ್ಲ.

ಆ ಗುಂಯ್ ಎಲ್ಲಿಂದ ಬರುತ್ತದೆಂದು ಲೆಕ್ಕ ಹಾಕಬಹುದು. 9 ಎಸಳಿನ ಫ್ಯಾನು ನಿಮಿಷಕ್ಕೆ 1200 ಸುತ್ತು ತಿರುಗಿದರೆ ಸೆಕೆಂಡಿಗೆ 20 ಸುತ್ತು, ಅಂದರೆ 180 ಸಲ ಎಸಳು ಗಾಳಿಯನ್ನು ಕಡಿಯುತ್ತದೆ. ಆ 180 ಹರ್ಟ್ಸ್ ಹೆಣ್ಣುದನಿಯ ಮೂಲ ನಾದ ಇರುವ ಜಾಗವೇ. ಫಿಲ್ಟರ್ ಹಾಕಿ ಅದನ್ನು ತೆಗೆಯಹೋದರೆ ಅಜ್ಜಿಯ ದನಿಯೂ ಜೊತೆಗೆ ಸವೆಯುತ್ತದೆ. ಅದೇ ಫ್ಯಾನನ್ನು 600 ಸುತ್ತಿಗೆ ಇಳಿಸಿದರೆ 90 ಹರ್ಟ್ಸ್. ದನಿಯಿಂದ ಕೆಳಗಿರುವುದರಿಂದ ಹಾಡಿಗೆ ಪೆಟ್ಟಾಗದಂತೆ ಕತ್ತರಿಸಬಹುದು. ಹಾರ್ಡ್ ಡಿಸ್ಕಿನದೂ ಇದೇ ಕತೆ: 7200 ಸುತ್ತಿನ ಡಿಸ್ಕ್ 120 ಹರ್ಟ್ಸ್ ಗುನುಗುತ್ತದೆ. ಅಂಥವು ಎರಡಿದ್ದು ವೇಗದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಸದ್ದು ಉಬ್ಬಿ ಇಳಿಯುತ್ತಾ ಅಲೆಯಾಗಿ ಬರುತ್ತದೆ. ಈಗ ಒಳಗೆ ಎಸ್‌ಎಸ್‌ಡಿ ಮಾತ್ರ. ದೊಡ್ಡ ಡಿಸ್ಕ್ ಬೀರುವಿನಲ್ಲಿರುತ್ತದೆ, ಹಾಡುಗಳನ್ನು ನಕಲು ಮಾಡುವಾಗಷ್ಟೇ ಹೊರಗೆ ಬರುತ್ತದೆ.

ಫ್ಯಾನು ಆರಿಸುವ ಮುಂಚೆ ಬಿಸಿಯನ್ನು ಆರಿಸಬೇಕು. ಬಿಸಿ ಕಡಿಮೆ ಹುಟ್ಟಿದರೆ ಅದನ್ನು ಹೊರಗೆ ಹಾಕುವ ಕೆಲಸವೂ ಕಡಿಮೆ. ನಾನು ತಂದದ್ದು ರೈಜನ್ 5 5600ಜಿ. ಗ್ರಾಫಿಕ್ಸ್ ಪ್ರೊಸೆಸರ್ ಒಳಗೇ ಇರುವುದರಿಂದ ಬೇರೆ ಕಾರ್ಡ್ ಬೇಡ, ಆ ಕಾರ್ಡಿನ ಫ್ಯಾನುಗಳೂ ಬೇಡ. 65 ವ್ಯಾಟಿನ ಈ ಚಿಪ್ಪನ್ನು ಬಯಾಸ್‌ನಲ್ಲಿ 45 ವ್ಯಾಟಿಗೆ ಕಟ್ಟಿಹಾಕಬಹುದು. ಹಾಡು ಕತ್ತರಿಸಿ ಜೋಡಿಸುವ ಕೆಲಸಕ್ಕೆ ಅದರಿಂದ ಏನೂ ಕೊರತೆಯಾಗುವುದಿಲ್ಲ. ಚಿಪ್ಪಿನ ಬಿಸಿ ಅಂದರೆ ಕೋಣೆಯ ಬಿಸಿಯ ಮೇಲೆ ಅದು ಕೂಡಿಸುವ ಬಿಸಿ. ಕೂಡುವುದು 40 ಡಿಗ್ರಿ ಅಂತಿಟ್ಟುಕೊಳ್ಳಿ. ಜನವರಿ ಬೆಳಗಿನ 17 ಡಿಗ್ರಿಯಲ್ಲಿ 57ಕ್ಕೆ ನಿಲ್ಲುವುದು ಏಪ್ರಿಲ್ ಮಧ್ಯಾಹ್ನದ 36ರಲ್ಲಿ 76 ಮುಟ್ಟುತ್ತದೆ. ಚಳಿದೇಶಗಳಲ್ಲಿ ಅಳೆದು ‘ಸೈಲೆಂಟ್’ ಎಂದು ಹೊಗಳುವ ಯಂತ್ರ ನಮ್ಮಲ್ಲಿ ಬಾಯಿ ಬಿಡುವುದು ಈ 19 ಡಿಗ್ರಿಯ ಅಂತರದಲ್ಲಿ.

ಬಿಡಿಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿದ್ದೆ. ಅಂಗಡಿಯ ಹುಡುಗ, ‘ವಾಟರ್ ಕೂಲಿಂಗ್ ಹಾಕ್ಸಿ ಅಣ್ಣ, ಸೌಂಡೇ ಬರಲ್ಲ’ ಎಂದ. ನಾನು ಒಪ್ಪಲಿಲ್ಲ. ನೀರಿನದ್ದಕ್ಕೆ ಫ್ಯಾನುಗಳು ಹೇಗೂ ಬೇಕು, ಅದರ ಮೇಲೆ ಪಂಪಿನ ಸದ್ದು ಬೇರೆ, ಅದು ನಿಲ್ಲುವ ಹಾಗಿಲ್ಲ. ಪಂಪ್ ಕೆಟ್ಟರೆ ಇಡೀ ಸೆಟ್ಟನ್ನೇ ಬದಲಿಸಬೇಕು. ಲೋಹದ ಹೀಟ್‌ಸಿಂಕ್‌ನಲ್ಲಿ ಕೆಡುವುದು ಫ್ಯಾನೊಂದೇ. ಕೆ.ಆರ್. ನಗರದಲ್ಲಿ ಸಿಗುವ ಯಾವುದೇ 120 ಮಿಲಿಮೀಟರ್ ಫ್ಯಾನನ್ನು ಕಟ್ಟಿಕೊಂಡು ಅವತ್ತೇ ಕೆಲಸ ಮುಂದುವರಿಸಬಹುದು. ಹಳ್ಳಿಯಲ್ಲಿರುವವನಿಗೆ ಇದು ಸಣ್ಣ ಮಾತಲ್ಲ. ನಾನು ಆರಿಸಿದ್ದು ಥರ್ಮಲ್‌ರೈಟ್‌ನ ಪೀರ್‌ಲೆಸ್ ಅಸ್ಯಾಸಿನ್ 120 ಎಸ್‌ಇ: 6 ಹೀಟ್‌ಪೈಪು, 2 ಫ್ಯಾನು, 155 ಮಿಲಿಮೀಟರ್ ಎತ್ತರ. ಕ್ಯಾಬಿನೆಟ್ ಕೊಳ್ಳುವಾಗ ಈ ಎತ್ತರ ಒಳಗೆ ಹಿಡಿಯುತ್ತದೆಯೇ ಎಂದು ಟೇಪು ಹಿಡಿದು ನೋಡಿದೆ. 45 ವ್ಯಾಟಿಗೆ ಇಷ್ಟು ದೊಡ್ಡದು ಯಾಕೆಂದು ಕೇಳಿದವರುಂಟು. ದೊಡ್ಡದಾದ್ದರಿಂದಲೇ ಏಪ್ರಿಲ್‌ನಲ್ಲೂ 600 ಸುತ್ತು ಸಾಕಾಗುತ್ತದೆ.

ಫ್ಯಾನಿನ ವೇಗ ಅರ್ಧಕ್ಕಿಳಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಒಂದೇ ಥರದ ಇನ್ನೊಂದು ಫ್ಯಾನು ಸೇರಿಸಿದರೆ ಏರುವುದು 3 ಡೆಸಿಬೆಲ್ ಮಾತ್ರ. ಹಾಗಾಗಿ ಓಡುವ ಒಂದಕ್ಕಿಂತ ನಿಧಾನದ ಎರಡು ಮೇಲು, 120ಕ್ಕಿಂತ 140 ಮಿಲಿಮೀಟರಿನದು ಮೇಲು. ಡಬ್ಬಿಯ ಮೇಲಿನ ಡೆಸಿಬೆಲ್ ಅಂಕಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಆಸ್ಟ್ರಿಯಾದ ನಾಕ್ಟುವಾ ತನ್ನ ಎನ್‌ಎಫ್-ಎ12x25 ಫ್ಯಾನಿಗೆ 2000 ಸುತ್ತಿನಲ್ಲಿ 22.6 ಎಂದು ಬರೆಯುತ್ತದೆ. ಎಸಳಿನ ತುದಿಗೂ ಚೌಕಟ್ಟಿಗೂ ನಡುವೆ ಬರೀ ಅರ್ಧ ಮಿಲಿಮೀಟರ್ ಬಿಟ್ಟು ಮಾಡಿದ ಒಳ್ಳೆಯ ಫ್ಯಾನು ಅದು. ಆದರೆ ಒಬ್ಬೊಬ್ಬ ತಯಾರಕರು ಅಳೆಯುವ ರೀತಿ ಒಂದೊಂದು. ತೂತು ಕೊರೆದ ತಗಡಿನ ಹಿಂದೆ ಕೂರಿಸಿದರಂತೂ ಯಾವ ಫ್ಯಾನಿನ ಸದ್ದೂ ಬದಲಾಗುತ್ತದೆ. ನಾನು ನೋಡುವುದು ಎರಡನ್ನು: ನಾಲ್ಕು ಪಿನ್ನಿನ ಪಿಡಬ್ಲ್ಯುಎಂ ಇದೆಯೇ, ಬೇರಿಂಗ್ ಯಾವುದು. ಸ್ಲೀವ್ ಬೇರಿಂಗಿನ ಎಣ್ಣೆ ನಮ್ಮ ಬಿಸಿಲಿಗೆ ಬೇಗ ಒಣಗಿ ಕಟಕಟ ಅನ್ನುತ್ತದೆ, ಫ್ಲೂಯಿಡ್ ಡೈನಾಮಿಕ್ ಬೇರಿಂಗ್ ಬಹುಕಾಲ ತಡೆಯುತ್ತದೆ.

ಕಿವಿಗೆ ಕಾಟ ಕೊಡುವುದು ಸದ್ದಿಗಿಂತ ಹೆಚ್ಚಾಗಿ ಅದರ ಏರಿಳಿತ. ಬಯಾಸ್‌ನಲ್ಲಿ 70 ಡಿಗ್ರಿಯವರೆಗೆ 600 ಸುತ್ತಿಗೇ ನಿಲ್ಲಿಸಿದ್ದೇನೆ, ಅದರಾಚೆ ಮೆಲ್ಲಗೆ ಏರಲಿ. ಚಿಪ್ಪು 95ರವರೆಗೆ ತಾಳುತ್ತದೆ, ಹೆದರಿಕೆಯಿಲ್ಲ.

ಕೆ.ಆರ್. ನಗರ ಸೀಮೆ ಭತ್ತದ ಕಣಜ. ಡಿಸೆಂಬರ್, ಜನವರಿಯ ಒಕ್ಕಣೆಯಲ್ಲಿ ಹುಲ್ಲಿನ ದೂಳು ಮನೆಯ ಸಂದಿಗೊಂದಿಗೆ ಇಳಿಯುತ್ತದೆ. ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಅದು ಕೂತರೆ ಏಪ್ರಿಲ್‌ನಲ್ಲಿ ಫ್ಯಾನು ಓಡಲೇಬೇಕು. ಅದಕ್ಕೆ ಗಾಳಿ ಒಳಗೆ ತರುವ ಫ್ಯಾನು ಎರಡು, ಹೊರಗೆ ಹಾಕುವುದು ಒಂದು. ಒಳಗಿನ ಒತ್ತಡ ಹೆಚ್ಚಿದ್ದರೆ ಸಂದಿಗಳಿಂದ ದೂಳು ನುಗ್ಗದೆ ಜಾಲರಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಒಕ್ಕಣೆ ಮುಗಿದ ಕೂಡಲೇ ಜಾಲರಿ ತೊಳೆಯುತ್ತೇನೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಬ್ಯಾರನ್ ಪಕ್ಕ ಮನೆಯಿರುವವರು ಇದನ್ನು ಇನ್ನೂ ಗಟ್ಟಿಯಾಗಿ ಹಿಡಿಯಬೇಕು.

ಪವರ್ ಸಪ್ಲೈ 550 ವ್ಯಾಟಿನದು, ಗೋಲ್ಡ್ ದರ್ಜೆಯದು. ನನ್ನ ಯಂತ್ರ 100 ವ್ಯಾಟನ್ನೂ ಎಳೆಯದ ಕಾರಣ ಅದರ ಫ್ಯಾನು ತಿರುಗುವುದೇ ಇಲ್ಲ. ತೊಂದರೆ ಇದ್ದದ್ದು ಯುಪಿಎಸ್‌ನಲ್ಲಿ. ಪಂಪ್‌ಸೆಟ್ಟುಗಳು ಒಟ್ಟಿಗೆ ಎದ್ದಾಗ ವೋಲ್ಟೇಜ್ ಬಿದ್ದು ಅದರ ರಿಲೇ ಟಕ್ ಟಕ್ ಎನ್ನುತ್ತದೆ, ಟ್ರಾನ್ಸ್‌ಫಾರ್ಮರ್ 100 ಹರ್ಟ್ಸಿನಲ್ಲಿ ಗೊಣಗುತ್ತದೆ. ಅದನ್ನು ಪಡಸಾಲೆಗೆ ಸಾಗಿಸಿದೆ.

ಸಾಗಿಸುವ ಮಾತು ಬಂತಲ್ಲ, ಕೋದಂಡರಾಮನ ಗರ್ಭಗುಡಿಯೊಳಗೆ ಜಲಪಾತದ ಸದ್ದು ಕೇಳಿಸದು ಎನ್ನುವುದು ನಮ್ಮೂರ ಹೆಮ್ಮೆ. ಭಕ್ತರು ಅದನ್ನು ರಾಮನ ಮಹಿಮೆ ಎನ್ನುತ್ತಾರೆ, ನಾನೂ ಕೈ ಮುಗಿಯುತ್ತೇನೆ. ದಪ್ಪ ಕಲ್ಲಿನ ಗೋಡೆ ಸದ್ದಿಗೆ ಎಷ್ಟು ಅಡ್ಡ ನಿಲ್ಲಬಲ್ಲದು ಎಂಬುದೂ ಅಲ್ಲಿ ನಿಂತಾಗ ಮನಸ್ಸಿಗೆ ಬರುತ್ತದೆ. ದುಡ್ಡು ಕಡಿಮೆಯಿರುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಮನೆಗೆ ಹಳೆಯ ಮಣ್ಣಿನ ಗೋಡೆಯಿದ್ದರೆ ಅದರಲ್ಲೊಂದು ತೂತು ಕೊರೆದು, 5 ಮೀಟರಿನ ಎಚ್‌ಡಿಎಂಐ, ಯುಎಸ್‌ಬಿ ಕೇಬಲ್ ಎಳೆದು ಯಂತ್ರವನ್ನು ಆಚೆ ಕೋಣೆಯಲ್ಲಿಡಿ. ಹಾಗಾಗದಿದ್ದರೆ ಮೈಕಿನ ಬೆನ್ನ ಹಿಂದೆ, ನೆಲದ ಮೇಲೆ, ರಬ್ಬರ್ ತುಂಡಿನ ಮೇಲೆ ಇಡಿ. ಟೇಬಲ್ಲಿನ ಮೇಲೆ ಬೇಡ, ಹಲಗೆಯೇ ಗುನುಗುತ್ತದೆ.

ಈಗ ಕೋಣೆಯಲ್ಲಿ ಉಳಿದಿರುವ ದೊಡ್ಡ ಸದ್ದು ಸೀಲಿಂಗ್ ಫ್ಯಾನಿನದು. ಏಪ್ರಿಲ್‌ನಲ್ಲಿ ಅದನ್ನು ಆರಿಸಿ 80 ದಾಟಿದವರನ್ನು ಕೂರಿಸುವುದು ನ್ಯಾಯವಲ್ಲ. ಬೆಳಗಿನ ಜಾವ 5ಕ್ಕೆ ಬಂದರೆ ಒಳ್ಳೆಯದು, ಕೋಣೆಯೂ ತಂಪು, ಚಿಪ್ಪೂ ತಂಪು. ಆದರೆ ಆ ಹೊತ್ತಿಗೆ ಅವರಿಗೆ ಹಟ್ಟಿಯ ಕೆಲಸ. ಸದ್ಯಕ್ಕೆ ಒಂದು ಪದ ಹಾಡಿಸುವುದು, ಫ್ಯಾನು ಹಾಕಿ ಕಾಫಿ ಕೊಡುವುದು, ಮತ್ತೆ ಆರಿಸುವುದು. ಬಿಎಲ್‌ಡಿಸಿ ಮೋಟರಿನ ಫ್ಯಾನು ಕಡಿಮೆ ವೇಗದಲ್ಲಿ ಗುನುಗುವುದಿಲ್ಲ ಎನ್ನುತ್ತಾರೆ. ಒಂದು ತಂದು, ಅದರ ಕೆಳಗೆ ಮೈಕ್ ಇಟ್ಟು ಕೇಳಿದ ಮೇಲೆ ಆ ಅಜ್ಜಿಗೆ ಮತ್ತೆ ಹೇಳಿಕಳಿಸುತ್ತೇನೆ.