ತೇವದ ಗೋಡೆಗೆ ಸಿಮೆಂಟ್ ಮದ್ದಲ್ಲ

ಮಳೆಗಾಲ ಕಳೆದು ತಿಂಗಳಾದರೂ ಗೋಡೆಯ ಬುಡ ಒಣಗಿಲ್ಲ, ಬಣ್ಣ ಹಪ್ಪಳದಂತೆ ಎದ್ದಿದೆ, ಕೈಯಿಟ್ಟರೆ ಬಿಳಿ ಉಪ್ಪಿನ ಹುಡಿ ಅಂಟುತ್ತದೆ. ಇದನ್ನು ನೋಡಿದ ಮೇಸ್ತ್ರಿ "ಸಿಮೆಂಟ್ ಮೆತ್ತಿಬಿಡೋಣ ಸಾರ್" ಅಂದರೆ ದಯವಿಟ್ಟು ಒಪ್ಪಬೇಡಿ.

1898ರ ಪ್ಲೇಗಿನ ನಂತರ ಬೆಳೆದ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳನ್ನೇ ತೆಗೆದುಕೊಳ್ಳಿ. ಇಟ್ಟಿಗೆ ನೆಲದ ನೀರನ್ನು ಹೀರುತ್ತದೆ, ಸುಣ್ಣದ ಗಾರೆ ಅದನ್ನು ಗಾಳಿಗೆ ಬಿಡುತ್ತದೆ. ಸಿಮೆಂಟ್ ಆ ದಾರಿಯನ್ನು ಮುಚ್ಚಿದರೆ ತೇವ ಇನ್ನೂ ಮೇಲಕ್ಕೇರುತ್ತದೆ. ಉಪ್ಪು ಒಳಗೇ ಹರಳುಗಟ್ಟಿ ಇಟ್ಟಿಗೆಯನ್ನು ಪುಡಿಮಾಡುತ್ತದೆ.

ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ಜೋರು ಮಳೆ ಸುರಿಯುವಾಗ ಕೊಡೆ ಹಿಡಿದು ಮನೆಗೊಂದು ಸುತ್ತು ಬನ್ನಿ. ಒಡೆದ ಹಂಚು, ಸೋರುವ ಪೈಪು, ಬಚ್ಚಲ ನೀರು ನಿಲ್ಲುವ ಮೂಲೆ ಎಲ್ಲವೂ ಆಗ ಕಾಣುತ್ತವೆ. ಎಷ್ಟೋ ಕಡೆ ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆಯೇ ಮನೆಗಿಂತ ಎತ್ತರವಾಗಿರುತ್ತದೆ. ಹೊರಗಿನ ನೆಲ ಒಳಗಿನದಕ್ಕಿಂತ ಅರ್ಧ ಅಡಿಯಾದರೂ ತಗ್ಗಿರಬೇಕು. ಇದನ್ನು ಸರಿಪಡಿಸದೆ ಗೋಡೆಗೆ ಸುರಿದ ದುಡ್ಡೆಲ್ಲ ದಂಡ.

ಇದಾದ ಮೇಲೆ ಗೋಡೆಯ ಉಪ್ಪನ್ನು ಒಣ ಬ್ರಷ್ಷಿನಲ್ಲಿ ಉಜ್ಜಿ ಗುಡಿಸಿ. ತೊಳೆದರೆ ಅದು ಕರಗಿ ಮತ್ತೆ ಗೋಡೆಗೇ ಸೇರುತ್ತದೆ. ಕೆಟ್ಟ ಗಾರೆಯನ್ನು ತೇವದ ಗೆರೆಗಿಂತ ಒಂದಡಿ ಮೇಲಿನವರೆಗೆ ಕೆತ್ತಿಸಿ, ಬೇಸಿಗೆಯುದ್ದಕ್ಕೂ ಒಣಗಲು ಬಿಡಿ. ದಪ್ಪ ಗೋಡೆಗೆ ತಿಂಗಳುಗಳೇ ಬೇಕು, ಅವಸರ ಬೇಡ. ಆಮೇಲೆ ಸುಣ್ಣ-ಮರಳಿನ ಗಾರೆ, ಅದರ ಮೇಲೆ ಸುಣ್ಣವನ್ನೇ ಬಳಿಯಿರಿ. ಎಣ್ಣೆ ಬಣ್ಣ ಬೇಡವೇ ಬೇಡ. ಸುಣ್ಣದ ಗಾರೆ ಕೆಲಸ ಬಲ್ಲವರು ಈಗ ಕಡಿಮೆ. ಬೇಸಿಗೆಗೆ ಮುಂಚೆಯೇ ಹುಡುಕಿ ಮಾತಾಡಿಟ್ಟುಕೊಳ್ಳಿ.